ಬಿಡುವಿನ ಕೈಕೆಲಸ: ಬಚ್ಚಲ ಬೀರುವಿನ ಪೀಠ

ಕಳೆದ ಸಂಚಿಕೆಯಲ್ಲಿ ಒಡೆದ ಪ್ಲಾಸ್ಟಿಕ್ ಬಕೆಟ್ಟಿಗೆ ತೇಪೆ ಹಾಕುವ ಬಗೆ ಬರೆದಿದ್ದೆವು. ತೇಪೆ ನಿಂತಿತು, ಬಕೆಟ್ಟು ಇನ್ನೊಂದು ಕಡೆ ಸೀಳಿತು ಎಂದು ಸಾಲ್ಮಿಯಾದ ಸದಸ್ಯರೊಬ್ಬರು ದೂರಿದ್ದಾರೆ. ಅದನ್ನು ಇನ್ನೊಮ್ಮೆ ನೋಡೋಣ. ಈ ಸಲ ನಮ್ಮದೇ ಸೋಲಿನ ಕಥೆ.

ಬಾಡಿಗೆ ಮನೆಯ ಬಚ್ಚಲಲ್ಲಿ ಬೇಸಿನ್ನಿಗೆಂದು ಸ್ವಂತ ಕೈಯಿಂದ ಒಂದು ಬೀರು ಮಾಡಿದ್ದೆವು. ನೋಡಿದವರೆಲ್ಲ ಹೊಗಳಿದ್ದರು. ಊರಿನಿಂದ ಬಂದಿದ್ದ ನಮ್ಮ ತಾಯಿಯವರಿಗೆ ಮಂಡಿನೋವು. ಮಣೆಯ ಮೇಲೆ ಕುಳಿತು ಸ್ನಾನ ಮುಗಿಸಿ ಏಳುವಾಗ ಆಸರೆಗೆಂದು ಬೀರುವಿನ ಅಂಚು ಹಿಡಿದರು. ಬೀರು ಬೇಸಿನ್ನಿನ ಸಮೇತ ಮುಂದಕ್ಕೆ ವಾಲಿತು. ನೀರಿನ ಕೊಳವೆ ತಡೆದು ನಿಲ್ಲಿಸಿತು. ಅಮ್ಮನಿಗೆ ಏನೂ ಆಗಲಿಲ್ಲ. ನಮಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಶುಕ್ರವಾರ ಬಿಚ್ಚಿ ನೋಡಿದೆವು. ಪೀಠಕ್ಕೆ ಹಾಕಿದ್ದ ಪಾರ್ಟಿಕಲ್ ಬೋರ್ಡ್ ನೆನೆದ ರಸ್ಕಿನಂತೆ ಉಬ್ಬಿತ್ತು. ಅಗ್ಗದ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು; ತೇವ ಮತ್ತು ಶಾಖ ಸೇರಿದರೆ ಅದು ಬಿಚ್ಚಿಕೊಳ್ಳುತ್ತದೆ. ಇದನ್ನು ನಾವು ಕಾಲೇಜಿನಲ್ಲಿ ಪಾಠ ಹೇಳಿದ್ದೂ ಉಂಟು! ಮರೈನ್ ಪ್ಲೈವುಡ್ಡಿಗೆ ಬಳಸುವುದು ಫೀನಾಲ್ ಫಾರ್ಮಾಲ್ಡಿಹೈಡ್. ಅದು ಕುದಿನೀರಿಗೂ ಜಗ್ಗದು. ಶುವೈಖ್‌ನ ಅಂಗಡಿಗಳಲ್ಲಿ ಕೊಳ್ಳುವಾಗ ಬಿ.ಎಸ್. 1088 ಅಥವಾ ನಮ್ಮ ದೇಶದ ಐ.ಎಸ್. 710 ಗುರುತನ್ನು ನೋಡಿ. ಅನುಮಾನವಿದ್ದರೆ ಒಂದು ತುಂಡನ್ನು ಹಳೆಯ ಪಾತ್ರೆಯಲ್ಲಿ ನಾಲ್ಕಾರು ಗಂಟೆ ಕುದಿಸಿ. ಪದರ ಬಿಟ್ಟರೆ ಅಂಗಡಿಯವನಿಗೇ ಹಿಂದಿರುಗಿಸಿ. (ಪಾತ್ರೆ ನಿಜವಾಗಿಯೂ ಹಳೆಯದೇ ಎಂದು ಮನೆಯವರನ್ನು ಮೊದಲು ಕೇಳಿಕೊಳ್ಳುವುದು ಕ್ಷೇಮ.)

ಆದರೆ ಬೀರು ವಾಲಿದ್ದಕ್ಕೆ ಬೋರ್ಡು ಒಂದೇ ಕಾರಣವಲ್ಲ, ಲೆಕ್ಕವೂ ತಪ್ಪಿತ್ತು. ಬೀರುವಿನ ಆಳ 45 ಸೆಂ.ಮೀ., ಬೇಸಿನ್ ಸೇರಿ ತೂಕ 30 ಕಿಲೋ. ಕಾಲ್ಬೆರಳಿಗೆ ಜಾಗವಿರಲೆಂದು ಪೀಠವನ್ನು ಮುಂದಿನಿಂದ 8 ಸೆಂ.ಮೀ. ಒಳಕ್ಕೆ ಸರಿಸಿದ್ದೆವು. ಹಾಗಾಗಿ ಭಾರದ ನಡು ಪೀಠದ ಮುಂದಂಚಿನಿಂದ ಬರೀ 14.5 ಸೆಂ.ಮೀ. ಹಿಂದೆ ಉಳಿಯಿತು. 80 ಸೆಂ.ಮೀ. ಎತ್ತರದಲ್ಲಿ ಐದೂವರೆ ಕಿಲೋದಷ್ಟು ಬಲದಿಂದ ಎಳೆದರೆ ಸಾಕು, ಬೀರು ಏಳುತ್ತದೆ. ಮಗು ಕೂಡ ಅಷ್ಟು ಎಳೆದೀತು. ಪೀಠ ಎಷ್ಟೇ ಭದ್ರವಾಗಿದ್ದರೂ ಇದು ತಪ್ಪುತ್ತಿರಲಿಲ್ಲ. ಬೀರುವನ್ನು ಗೋಡೆಗೆ ಬಿಗಿಯಲೇಬೇಕು.

ಹೊಸ ಪೀಠವನ್ನು ಬೀರುವಿನಿಂದ ಬೇರೆಯಾಗಿಯೇ ಮಾಡಿದೆವು: 10 ಸೆಂ.ಮೀ. ಎತ್ತರದ ತೇಗದ ಚೌಕಟ್ಟು, ಏಣಿಯಂತೆ ಪ್ರತಿ 30 ಸೆಂ.ಮೀ.ಗೆ ಒಂದು ಅಡ್ಡಪಟ್ಟಿ. ಮರವಿಲ್ಲದ ಈ ನಾಡಿನವರು ತಮ್ಮ ಹಡಗುಗಳಿಗೆ ಮಲಬಾರಿನ ತೇಗವನ್ನೇ ತರಿಸುತ್ತಿದ್ದುದು ಸುಮ್ಮನೆ ಅಲ್ಲ. ತೇಗದಲ್ಲಿ ಎಣ್ಣೆಯಿದೆ, ನೀರಿಗೆ ಬೇಗ ಸೋಲದು. ಅದೇ ಎಣ್ಣೆ ಅಂಟನ್ನೂ ಹತ್ತಗೊಡದು. ಆದ್ದರಿಂದ ಎಪಾಕ್ಸಿ ಹಚ್ಚುವ ಮೊದಲು ಕಿಟಕಿ ತೆರೆದಿಟ್ಟು, ಹತ್ತಿರ ಬೆಂಕಿಯಿಲ್ಲದಂತೆ ನೋಡಿಕೊಂಡು, ಅಸಿಟೋನಿನಿಂದ ಮರವನ್ನು ಒರೆಸಿ.

ಮರ ನೀರು ಕುಡಿಯುವುದು ಹೆಚ್ಚಾಗಿ ಕೊಯ್ದ ತುದಿಯಿಂದ. ಮಲೆನಾಡಿನ ಮನೆಗಳಲ್ಲಿ ಕಂಬದ ಬುಡಕ್ಕೆ ಕಲ್ಲು ಕೊಡುವುದನ್ನು ನೀವೆಲ್ಲ ಕಂಡಿದ್ದೀರಿ. ಇಲ್ಲಿ ಕಲ್ಲಿನ ಬದಲು 5 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಬಿಲ್ಲೆಗಳು ಸಾಕು. ನೀರು ಕೆಳಗಿನಿಂದ ಹಾದು ಹೋಗಿ ನೆಲ ಒಣಗುತ್ತದೆ. ತುದಿಗಳಿಗೆ ಎರಡು ಸಲ ಎಪಾಕ್ಸಿ ಬಳಿದೆವು.

ಬಚ್ಚಲ ನೆಲ ಮೋರಿಯ ಕಡೆಗೆ ಇಳಿಜಾರು. ನಮ್ಮಲ್ಲಿ ಪೀಠದ ಹಿಂದಿನಿಂದ ಮುಂದಕ್ಕೆ 6 ಮಿ.ಮೀ. ಇಳಿದಿತ್ತು, ಅಂದರೆ ಬೀರು ಮೊದಲೇ ಮುಂದಕ್ಕೆ ಬಾಗಿ ನಿಂತಿತ್ತು. ಊರಿನ ಗಾರೆಯವರಂತೆ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಮಟ್ಟ ನೋಡಿ, ಮುಂದಿನ ಬಿಲ್ಲೆಗಳನ್ನು ದಪ್ಪ ಮಾಡಿದೆವು.

ಗೋಡೆಗೆ ಬೀರುವಿನ ಹಿಂಬದಿಯ ಮೇಲ್ಪಟ್ಟಿಯ ಮೂಲಕ ನಾಲ್ಕು ಸ್ಕ್ರೂ, ನೈಲಾನ್ ಪ್ಲಗ್ಗಿನೊಳಗೆ. ಟೈಲು ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಬೇಡ. ನಲ್ಲಿಯ ನೇರ ಮೇಲೆ ಕೆಳಗೆ ಕೊರೆಯಬೇಡಿ, ಅಲ್ಲಿ ಕೊಳವೆ ಇದ್ದೀತು. ಮನೆಯೊಡೆಯರ ಒಪ್ಪಿಗೆಯನ್ನು ಹಾರಿಸ್ ಮುಖಾಂತರ ಮೊದಲೇ ಪಡೆಯಿರಿ. ಸ್ಕ್ರೂ 316 ದರ್ಜೆಯ ಸ್ಟೇನ್‌ಲೆಸ್ ಇರಲಿ, ನಾವೆಲ್ಲ ಬಚ್ಚಲಿಗೆ ಸುರಿಯುವ ಬ್ಲೀಚು ಸಾಮಾನ್ಯ ಸ್ಕ್ರೂಗಳನ್ನು ತಿಂದುಹಾಕುತ್ತದೆ. ಸಿಲಿಕೋನ್ ಕೂಡ ಹುಳಿವಾಸನೆಯದು ಬೇಡ. ಆ ವಾಸನೆ ಅಸಿಟಿಕ್ ಆಮ್ಲದ್ದು, ಕಬ್ಬಿಣಕ್ಕೂ ಸತುವಿಗೂ ಆಗದು. ಡಬ್ಬಿಯ ಮೇಲೆ 'ನ್ಯೂಟ್ರಲ್' ಎಂದಿರುವುದನ್ನು ಕೇಳಿ.

ಮುಗಿದ ಮೇಲೆ ನಮ್ಮ 78 ಕಿಲೋ ದೇಹವನ್ನು ಬೀರುವಿನ ಮುಂದಂಚಿನ ಮೇಲೆ ಬಿಟ್ಟು ನೋಡಿದೆವು. ಕದಲಲಿಲ್ಲ. ಹಾಗಿದ್ದರೂ ಮಣೆಯ ಪಕ್ಕದ ಗೋಡೆಗೆ ಒಂದು ಸ್ಟೀಲಿನ ಹಿಡಿಕಂಬಿಯನ್ನೂ ಹಾಕಿಸಿದ್ದೇವೆ. ಅದನ್ನು ನಾವೇ ಮಾಡದೆ ಕೆಲಸ ಬಲ್ಲವನನ್ನು ಕರೆಸಿದೆವು. ಅಮ್ಮ ಚಳಿಗಾಲಕ್ಕೆ ಮತ್ತೆ ಬರುವವರಿದ್ದಾರೆ. ಫೋನಿನಲ್ಲಿ ಇದನ್ನೆಲ್ಲ ವಿವರಿಸಿದಾಗ, "ಈ ಸಲ ಕಂಬಿಯನ್ನೇ ಹಿಡಿಯುತ್ತೇನೆ ಬಿಡು" ಎಂದರು.