ಬ್ಯಾಟರಿಗೂ ಒಂದು ಮನೆ ಬೇಕು

ಮಕ್ಕಳೇ, ಹೋದ ಬೇಸಿಗೆಯಲ್ಲಿ ನಮ್ಮ ಪಾಂಡವಪುರದ ಮನೆಯಲ್ಲಿ ಎರಡು ದಿನ ಒಂದೇ ವಾಸನೆ. ಕೊಳೆತ ಮೊಟ್ಟೆಯ ವಾಸನೆ. "ರೀ, ಎಲ್ಲೋ ಇಲಿ ಸತ್ತಿದೆ, ನೋಡಿ" ಎಂದರು ನಮ್ಮ ಮನೆಯವರು. ಅಟ್ಟ ಹತ್ತಿ ನೋಡಿದೆ, ಮಂಚದ ಕೆಳಗೆ ಕೋಲು ಆಡಿಸಿದೆ. ಇಲಿ ಸಿಗಲಿಲ್ಲ. ರಜೆಗೆ ಬಂದಿದ್ದ ಮೊಮ್ಮಗ ಮೆಟ್ಟಿಲ ಕೆಳಗಿನ ಮರದ ಬೀರುವಿನ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಿದ್ದ. ಅವನೇ ಕಂಡುಹಿಡಿದ. "ತಾತ, ಈ ಬಾಗಿಲು ಮುಟ್ಟಿ ನೋಡು, ಬಿಸಿ ಇದೆ."

ಆ ಬೀರುವಿನೊಳಗಿದ್ದದ್ದು ನಮ್ಮ ಸೋಲಾರ್‌ನ ಎರಡು ಬ್ಯಾಟರಿ. ಬಂದವರ ಕಣ್ಣಿಗೆ ತಂತಿ ಬೀಳಬಾರದು ಅಂತ ನಾನೇ ಬಡಗಿಯ ಹತ್ತಿರ ನಿಂತು ಮಾಡಿಸಿದ ಬೀರು. ಗಾಳಿಯಾಡಲು ಒಂದು ತೂತೂ ಇರಲಿಲ್ಲ. ಪಕ್ಕದ ಗೋಡೆಯಾಚೆ ದೇವರ ಮನೆ, ಅಲ್ಲಿ ಸಂಜೆ ದೀಪ! ಕಿಟಕಿ ಬಾಗಿಲೆಲ್ಲ ತೆಗೆದು ಎಲ್ಲರನ್ನೂ ಹೊರಗೆ ಕಳಿಸಿ, ತಾರಸಿಗೆ ಹೋಗಿ ಸೋಲಾರ್ ಹಲಗೆಯ ಸ್ವಿಚ್ ಆರಿಸಿದೆ. ಮಾರನೆಯ ದಿನ ಮೆಕ್ಯಾನಿಕ್ ಬಂದು ಬಾಗಿಲು ತೆಗೆದರೆ, ಒಂದು ಬ್ಯಾಟರಿಯ ನೀರು ಬತ್ತಿ ಪಕ್ಕ ಉಬ್ಬಿಕೊಂಡಿತ್ತು. "ಸಾರ್, ಇಲಿ ಹುಡುಕೋಕೆ ಬೆಂಕಿಕಡ್ಡಿ ಗೀರಲಿಲ್ವಲ್ಲ, ಪುಣ್ಯ" ಎಂದ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಎರಡು ರಾತ್ರಿ ಆ ಹುಡುಗ ಅಲ್ಲೇ ಮಲಗಿದ್ದನಲ್ಲ.

ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದವನಿಗೆ ಲೆಕ್ಕ ಬಿಟ್ಟರೆ ಬೇರೇನು ಗೊತ್ತು? ಲೆಕ್ಕವನ್ನೇ ಹಾಕಿದೆ. ಒಂದು ಬ್ಯಾಟರಿ 12 ವೋಲ್ಟ್, 150 ಆಂಪಿಯರ್-ಅವರ್. ಗುಣಿಸಿದರೆ 1800. ಎರಡಕ್ಕೆ 3600, ಅಂದರೆ 3.6 ಯೂನಿಟ್ಟು. ಬಿಲ್ಲಿನಲ್ಲಿ ಅದು ಏನೂ ಅಲ್ಲ. ಆದರೆ ಅಷ್ಟು ಶಕ್ತಿ ಸುಮಾರು ನಾಲ್ಕು ಕೆ.ಜಿ. ಕೋವಿಮದ್ದಿನಲ್ಲಿರುವ ಶಕ್ತಿಗೆ ಸಮ. ಬ್ಯಾಟರಿ ಮದ್ದಿನ ಹಾಗೆ ಒಮ್ಮೆಲೇ ಸಿಡಿಯುವುದಿಲ್ಲ, ಹೆದರಬೇಡಿ. ಆದರೂ ಅಷ್ಟನ್ನು ಮೆಟ್ಟಿಲ ಕೆಳಗೆ ಬಚ್ಚಿಟ್ಟು ಪಕ್ಕದಲ್ಲಿ ಮಗುವನ್ನು ಮಲಗಿಸಿದ್ದೆ ನಾನು.

ಮದ್ದು ಅಂದಾಗ ಶ್ರೀರಂಗಪಟ್ಟಣ ನೆನಪಾಗದೆ ಇರುತ್ತದೆಯೇ? ಅಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳಿವೆ. ಇಟ್ಟಿಗೆ, ಗಾರೆ, ದಪ್ಪ ಗೋಡೆ, ಅರ್ಧ ನೆಲದೊಳಗೆ. ರೈಲು ಹಳಿ ಜೋಡಿ ಮಾಡುವಾಗ ಅಡ್ಡ ಬಂದ ಒಂದನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಶಾಲೆಯ ಪ್ರವಾಸಕ್ಕೆ ಹೋದವರು ಅದನ್ನು ನೋಡದೆ ಬರಬೇಡಿ. 1799ರ ಮೇ 2ರಂದು ಇಂಗ್ಲಿಷರ ಗುಂಡು ಕೋಟೆಯೊಳಗಿನ ರಾಕೆಟ್ ಉಗ್ರಾಣಕ್ಕೆ ತಗುಲಿ ಅದು ಸಿಡಿಯಿತು. ಎರಡು ದಿನಕ್ಕೆ ಕೋಟೆಯೂ ಬಿತ್ತು. ಕೂಡಿಟ್ಟ ಶಕ್ತಿಗೆ ಬೇರೆಯದೇ ಮನೆ ಬೇಕೆಂದು ಆ ಕಾಲದವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ, ಅಷ್ಟೇ.

ಗೊತ್ತಿರಬೇಕಿತ್ತು. ನಾಗಮಂಗಲದ ಶಾಖೆಯಲ್ಲಿದ್ದಾಗ ಸೋಲಾರ್ ದೀಪದ ಸಾಲದ ಕಡತಗಳನ್ನು ನಾನೇ ಬರೆಯುತ್ತಿದ್ದೆ. ಒಮ್ಮೆ ಫೀಲ್ಡ್ ಆಫೀಸರ ಜೊತೆ ಹಳ್ಳಿಗೆ ಹೋದರೆ ಬ್ಯಾಟರಿ ರಾಗಿ ಮೂಟೆಗಳ ನಡುವೆ ಕೂತಿತ್ತು, ಮೇಲೆ ಸೀಮೆಎಣ್ಣೆ ಬುಡ್ಡಿ. ನಾವು ಕಂತು ಕೇಳಿದೆವು, ಮಜ್ಜಿಗೆ ಕುಡಿದೆವು, ಬಂದೆವು. ನಮ್ಮ ಅರ್ಜಿಯಲ್ಲಿ ಬೆಲೆಗೆ, ಬಡ್ಡಿಗೆ, ಜಾಮೀನಿಗೆಲ್ಲ ಒಂದೊಂದು ಕಲಂ ಇತ್ತು. ಬ್ಯಾಟರಿ ಎಲ್ಲಿಡುತ್ತೀರಿ ಅನ್ನುವುದಕ್ಕೆ ಇರಲಿಲ್ಲ.

ಈಗ ವಿಷಯ ಕೇಳಿ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಅನಿಲ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಮೊಟ್ಟೆಯ ವಾಸನೆ ಬಂತೆಂದರೆ ಬ್ಯಾಟರಿ ಅತಿಯಾಗಿ ಕಾದಿದೆ ಎಂದರ್ಥ. ಅದು ಬೇರೆ ಅನಿಲ, ವಿಷ. ಸ್ವಲ್ಪ ಹೊತ್ತಿಗೆ ಮೂಗು ಮಂದವಾಗಿ ವಾಸನೆಯೇ ತಿಳಿಯದೆ ಹೋಗುವುದೂ ಉಂಟು. ಹಾಗಾದಾಗ ಮಕ್ಕಳು ಬೀರು ತೆಗೆಯಲು ಹೋಗಬಾರದು, ಮನೆಯಿಂದ ಹೊರಗೆ ಬಂದು ದೊಡ್ಡವರನ್ನು ಕೂಗಬೇಕು.

ಹಿತ್ತಲ ಜಗುಲಿಯಲ್ಲಿ, ಸಜ್ಜದ ನೆರಳಿನಲ್ಲಿ, ಈಗ ಒಂದು ಕಬ್ಬಿಣದ ಪೆಟ್ಟಿಗೆ ನಿಂತಿದೆ. ವೆಲ್ಡಿಂಗ್ ಅಂಗಡಿಯವನಿಗೆ ನಾನೇ ಚಿತ್ರ ಬರೆದುಕೊಟ್ಟೆ. ಮಳೆನೀರು ತಾಗದ ಹಾಗೆ ನೆಲದಿಂದ ಅರ್ಧ ಅಡಿ ಎತ್ತರ. ಒಂದೊಂದು ಬ್ಯಾಟರಿ ಐವತ್ತು ಕೆ.ಜಿ. ಮೀರಿ ತೂಗುವುದರಿಂದ ಕಾಲುಗಳು ಗಟ್ಟಿ. ಒಳಗೆ ಆಸಿಡ್ ತಡೆಯುವ ಬಣ್ಣ, ಕೆಳಗೆ ಪ್ಲಾಸ್ಟಿಕ್ ತಟ್ಟೆ. ಬ್ಯಾಟರಿಗಳ ನಡುವೆ ನಾಲ್ಕು ಬೆರಳು ಜಾಗ, ಮೇಲೆ ಒಂದು ಗೇಣು. ಕೆಳಗೆ ಒಂದು ಸಾಲು ಕಿಂಡಿ, ಮೇಲೆ ತುತ್ತತುದಿಯಲ್ಲಿ ಇನ್ನೊಂದು ಸಾಲು. ಜಲಜನಕ ಗಾಳಿಗಿಂತ ಹದಿನಾಲ್ಕು ಪಟ್ಟು ಹಗುರ ತಾನೇ, ಏರಿ ಹೊರಗೆ ಹೋಗಲಿ ಅಂತ. ಕಿಂಡಿಗೆಲ್ಲ ಜಾಲರಿ ಹೊಡೆಸಿದೆ. ನಮ್ಮದು ಗದ್ದೆ ಬಯಲಿನ ಊರು, ತಂತಿ ಕಡಿಯುವ ಇಲಿಗೆ ಇಲ್ಲಿ ಬರವೇ!

ಇನ್ವರ್ಟರ್ ಆ ಪೆಟ್ಟಿಗೆಯೊಳಗಿಲ್ಲ, ಪಕ್ಕದ ಗೋಡೆಯಲ್ಲಿದೆ. ಅದರಲ್ಲಿ ಕಿಡಿ ಹಾರಬಹುದು, ಜೊತೆಗೆ ಆಸಿಡ್ ಹಬೆಗೆ ಅದು ತುಕ್ಕೂ ಹಿಡಿಯುತ್ತದೆ. ಪಾಸಿಟಿವ್ ತಂತಿ ಪೆಟ್ಟಿಗೆಯಿಂದ ಹೊರಬಂದ ಕೂಡಲೇ ಒಂದು ಡಿಸಿ ಫ್ಯೂಸ್ ಇದೆ. ಮನೆಯ ಮಾಮೂಲಿ ಫ್ಯೂಸ್ ಅಲ್ಲಿಗೆ ಸಲ್ಲದು.

ಮೊಮ್ಮಗ ಕೇಳಿದ, "12 ವೋಲ್ಟ್ ಶಾಕ್ ಹೊಡೆಯುತ್ತಾ ತಾತ?" ಒಣ ಕೈಗೆ ಹೊಡೆಯುವುದಿಲ್ಲ. ಆದರೆ ಎರಡು ತುದಿಗೂ ಸ್ಪ್ಯಾನರ್ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಹರಿದು ಅದು ಕೆಂಡವಾಗುತ್ತದೆ. ಬೆರಳಿನಲ್ಲಿ ಉಂಗುರ, ಕೈಯಲ್ಲಿ ಬಳೆ ಇದ್ದರೂ ಅದೇ ಗತಿ. ನಮ್ಮ ಮನೆಯವರಿಗೆ ಹೇಳಿದೆ. "ನನ್ನ ಬಳೆ ಇರಲಿ, ಮೊದಲು ನಿಮ್ಮ ಉಂಗುರ ತೆಗೀರಿ" ಎಂದರು. ತೆಗೆದಿಟ್ಟೆ.

ಕೆ.ಆರ್. ಪೇಟೆಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿ ಲಿಥಿಯಂ ಬ್ಯಾಟರಿ ಹಾಕಿಸಿದ್ದಾರೆ. ನೀರು ಬೇಡ, ಮಾಮೂಲಿಗೆ ಅನಿಲವೂ ಇಲ್ಲ. ಅದನ್ನು ಮಲಗುವ ಕೋಣೆಯ ಗೋಡೆಗೆ ನೇತುಹಾಕಿ ನನಗೆ ತೋರಿಸಿದರು. ಅದು ಒಮ್ಮೆ ಹೊತ್ತಿಕೊಂಡರೆ ಆರಿಸುವುದು ಬಹಳ ಕಷ್ಟ, ಹೊಗೆಯೂ ಕೆಟ್ಟದ್ದು, ಹೊರಗೆ ಹಾಕಿಸಿ ಅಂದೆ. "ಹೊರಗಿಟ್ಟರೆ ಕಳ್ಳರು?" ಅಂದರು. ಕಾಫಿ ತಣ್ಣಗಾಗುವ ತನಕ ಜಗಳವಾಡಿದೆವು. ಕೊನೆಗೆ ಬೀಗವಿರುವ ಪೆಟ್ಟಿಗೆಯ ಅಳತೆ ಕೇಳಿ ಬರೆದುಕೊಂಡರು.

ಉಬ್ಬಿದ ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕಲಿಲ್ಲ. ಒಳಗಿನ ಸೀಸ ವಿಷ, ಕೊಂಡ ಅಂಗಡಿಗೇ ಹಿಂತಿರುಗಿಸಿದೆ. ಪೆಟ್ಟಿಗೆಯ ಬೀಗದ ಕೈ ನನ್ನ ಜನಿವಾರದಲ್ಲಿ ಕಟ್ಟಿಕೊಳ್ಳಲೇ ಅಂದರೆ ನಮ್ಮ ಮನೆಯವರು "ಅದೂ ಕಬ್ಬಿಣವೇ" ಎಂದು ನಕ್ಕರು. ಈಗ ಅಡುಗೆಮನೆಯ ಮೊಳೆಯಲ್ಲಿದೆ, ಮಕ್ಕಳ ಕೈಗೆ ಎಟುಕದಷ್ಟು ಮೇಲೆ. ತಿಂಗಳ ಮೊದಲ ಭಾನುವಾರ ನೀರಿನ ಮಟ್ಟ ನೋಡುವ ದಿನ. ಬತ್ತಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಕಾವೇರಿ ನೀರೂ ಸಲ್ಲದು. ಹೋದ ಭಾನುವಾರ ಮೊಮ್ಮಗ ಮೈಸೂರಿನಿಂದ ಫೋನ್ ಮಾಡಿ, "ನೋಡಿದೆಯಾ ತಾತ?" ಎಂದು ಕೇಳಿದ. ಮರೆತೇಹೋಗಿತ್ತು. ಎದ್ದು ಉಂಗುರ ತೆಗೆದಿಟ್ಟು ಹಿತ್ತಲಿಗೆ ಹೋದೆ.