ಹವ್ಯಾಸವೂ ಹೊಣೆಯೂ

ದುಡಿಮೆಯ ಹೊತ್ತಿನಲ್ಲಿ ಮನುಷ್ಯನು ಏನು ಮಾಡಬೇಕೆಂಬುದನ್ನು ಬಹುಮಟ್ಟಿಗೆ ಅವನ ಹೊಟ್ಟೆಪಾಡು ನಿರ್ಧರಿಸುತ್ತದೆ. ಬಿಡುವಿನ ಹೊತ್ತಿನಲ್ಲಿ ಏನು ಮಾಡಬೇಕೆಂಬುದನ್ನು ಅವನೇ ನಿರ್ಧರಿಸುತ್ತಾನೆ. ಆದುದರಿಂದ ಒಬ್ಬನ ಸ್ವಭಾವವನ್ನು ಅರಿಯಬೇಕಾದರೆ ಅವನ ಉದ್ಯೋಗಕ್ಕಿಂತ ಅವನ ಹವ್ಯಾಸವನ್ನು ನೋಡುವುದು ಲೇಸು. ಅಂಚೆಚೀಟಿಗಳನ್ನು ಕೂಡಿಡುವವನನ್ನು, ಹೂದೋಟವನ್ನು ಬೆಳೆಸುವವನನ್ನು ಹಿರಿಯರು ಸುಲಭವಾಗಿ ಮೆಚ್ಚುತ್ತಾರೆ. ಆದರೆ ವಯಸ್ಸಿಗೆ ಬಂದವನೊಬ್ಬನು ರಜೆಯ ದಿನ ಪುಟ್ಟ ವಿಮಾನವನ್ನು ಕಂಕುಳಲ್ಲಿ ಇರಿಸಿಕೊಂಡು ಬಯಲಿಗೆ ಹೊರಟರೆ ನೋಡಿದವರು ನಗುತ್ತಾರೆ; ಇನ್ನೊಬ್ಬನು ಇಬ್ಬರೇ ಕೂರಬಹುದಾದ ಸ್ಪೋರ್ಟ್ಸ್ ಕಾರಿಗಾಗಿ ಹಣವನ್ನೂ ಹೊತ್ತನ್ನೂ ವ್ಯಯಿಸಿದರೆ ತಲೆಯಾಡಿಸುತ್ತಾರೆ. ಒಂದು ಮಕ್ಕಳಾಟ, ಇನ್ನೊಂದು ಹುಚ್ಚಾಟ ಎಂಬುದು ಅವರ ತೀರ್ಪು. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ವಿಚಾರ ಮಾಡಿ ನೋಡಬೇಕು.

ಮಾದರಿ ವಿಮಾನವು ಅಂಗಡಿಯಿಂದ ತಂದು ಕಪಾಟಿನಲ್ಲಿ ಇರಿಸುವ ಗೊಂಬೆಯಲ್ಲ. ಬಾಲ್ಸಾ ಎಂಬ ಹಗುರವಾದ ಮರದ ತೆಳು ಪಟ್ಟಿಗಳನ್ನು ಕತ್ತರಿಸಿ, ಅಂಟಿಸಿ, ರೆಕ್ಕೆಯ ಪಕ್ಕೆಲುಬುಗಳನ್ನು ಒಂದೊಂದಾಗಿ ಜೋಡಿಸಿ, ಮೇಲೆ ತೆಳುವಾದ ಕಾಗದವನ್ನೋ ಹಾಳೆಯನ್ನೋ ಬಿಗಿದು ಅದನ್ನು ಕಟ್ಟಬೇಕು. ಕಟ್ಟಿದ ಮಾತ್ರಕ್ಕೆ ಅದು ಹಾರುವುದಿಲ್ಲ. ಅದರ ಭಾರವೆಲ್ಲ ಒಂದುಗೂಡುವ ಬಿಂದು, ಅಂದರೆ ಗುರುತ್ವ ಕೇಂದ್ರವು, ರೆಕ್ಕೆಯ ಕೆಳಗೆ ತಕ್ಕ ಸ್ಥಳದಲ್ಲಿರಬೇಕು. ಮೂಗು ಭಾರವಾದರೆ ವಿಮಾನವು ನೆಲದತ್ತ ಎರಗುತ್ತದೆ. ಬಾಲ ಭಾರವಾದರೆ ಮೂಗನ್ನು ಮೇಲಕ್ಕೆತ್ತಿ, ವೇಗವನ್ನು ಕಳೆದುಕೊಂಡು, ಗಾಳಿಯ ಆಸರೆ ತಪ್ಪಿ ಕೆಳಕ್ಕೆ ಬೀಳುತ್ತದೆ. ಮೂಗಿನ ತುದಿಗೆ ಮೆತ್ತಿದ ಕಡಲೆಕಾಳಿನಷ್ಟು ಜೇಡಿಮಣ್ಣು ಸೋಲನ್ನು ಗೆಲುವಾಗಿ ಮಾರ್ಪಡಿಸಬಹುದು. ಪಾಠದಲ್ಲಿ ನಾಲ್ಕು ಸಾಲಿನಲ್ಲಿ ಓದಿ ಮರೆತುಬಿಡುವ ವಿಷಯವನ್ನು ಬಾಲಕನೊಬ್ಬನು ಬಯಲಿನಲ್ಲಿ ಒಂದು ಸಂಜೆ ಕಣ್ಣಾರೆ ಕಂಡು ಕಲಿಯುತ್ತಾನೆ. ಹಾಗೆ ಕಲಿತುದನ್ನು ಆಮೇಲೆ ಮರೆಯುವುದಿಲ್ಲ.

ರೇಡಿಯೋ ಅಲೆಗಳ ಮೂಲಕ ನಡೆಸುವ ವಿಮಾನದಲ್ಲಿ ಇನ್ನೊಂದು ಕಷ್ಟವಿದೆ. ವಿಮಾನವು ಹಾರಿಸುವವನಿಂದ ದೂರ ಸಾಗುತ್ತಿರುವಾಗ ಅವನ ಬಲವೇ ಅದರ ಬಲ, ಅವನ ಎಡವೇ ಅದರ ಎಡ. ಅದು ತಿರುಗಿ ಅವನತ್ತ ಬರತೊಡಗಿದೊಡನೆ ಎಡಬಲಗಳು ಅದಲುಬದಲಾಗುತ್ತವೆ. ಹೊಸಬನು ಇಲ್ಲಿಯೇ ಎಡವುತ್ತಾನೆ. ನೆಲದ ಮೇಲೆ ನಿಂತೇ ವಿಮಾನದೊಳಗೆ ಕುಳಿತವನಂತೆ ಯೋಚಿಸುವುದನ್ನು ಕೈಗೂ ಕಣ್ಣಿಗೂ ಕಲಿಸುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಹಲವು ರೆಕ್ಕೆಗಳು ಮುರಿದಿರುತ್ತವೆ. ಮುರಿದುದನ್ನು ಮನೆಗೆ ಹೊತ್ತು ತಂದು, ತಪ್ಪು ಎಲ್ಲಿ ಆಯಿತೆಂದು ಹುಡುಕಿ, ಮತ್ತೆ ಅಂಟಿಸಿ, ಮುಂದಿನ ರಜೆಗೆ ಬಯಲಿಗೆ ಹೋಗುವವನೇ ನಿಜವಾದ ಹವ್ಯಾಸಿ. ಬೇರೆಯವರನ್ನು ದೂರಲು ಅಲ್ಲಿ ಅವಕಾಶವಿಲ್ಲ. ಕಟ್ಟಿದವನೂ ಅವನೇ, ಹಾರಿಸಿದವನೂ ಅವನೇ, ಕೆಡವಿದವನೂ ಅವನೇ.

ಇದನ್ನು ಮಕ್ಕಳಾಟವೆಂದು ಕಡೆಗಣಿಸುವವರು ವಿಮಾನದ ಚರಿತ್ರೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು. 1871ರಲ್ಲಿ ಅಲ್ಫೋನ್ಸ್ ಪೇನೋ ಎಂಬ ಫ್ರೆಂಚ್ ತರುಣನು ಹೊಸೆದ ರಬ್ಬರಿನ ಬಲದಿಂದ ನಡೆಯುವ ಪುಟ್ಟ ವಿಮಾನವೊಂದನ್ನು ಪ್ಯಾರಿಸ್ ನಗರದ ಉದ್ಯಾನವೊಂದರಲ್ಲಿ ಜನರ ಮುಂದೆ ಹಾರಿಸಿದನು. ಅದು ಗಾಳಿಯಲ್ಲಿದ್ದುದು 11 ಸೆಕೆಂಡುಗಳು ಮಾತ್ರ. ಅವನ ಕಲ್ಪನೆಯಿಂದಲೇ ಹುಟ್ಟಿದ, ಬಿದಿರು, ಬೆಂಡು ಮತ್ತು ಕಾಗದಗಳಿಂದ ಮಾಡಿದ ಹಾರುವ ಆಟಿಕೆಯೊಂದನ್ನು 1878ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ತಮ್ಮ ಮಕ್ಕಳಿಗೆ ತಂದುಕೊಟ್ಟರು. ಆ ಮಕ್ಕಳೇ ವಿಲ್ಬರ್ ರೈಟ್ ಮತ್ತು ಆರ್ವಿಲ್ ರೈಟ್. ಹಿರಿಯವನಿಗೆ ಆಗ ಹನ್ನೊಂದು ವರ್ಷ, ಕಿರಿಯವನಿಗೆ ಏಳು. ಅವರು ಅದನ್ನು ನೋಡಿ ತಾವೇ ಅಂಥವನ್ನು ಮಾಡಿದರು. ಗಾತ್ರವನ್ನು ಹೆಚ್ಚಿಸಿದಷ್ಟೂ ಅವು ಹಾರದೆ ಹೋದುವು. ಉದ್ದಗಲಗಳು ಇಮ್ಮಡಿಯಾದರೆ ಬೇಕಾಗುವ ಶಕ್ತಿ ಎಂಟು ಮಡಿಯಾಗುತ್ತದೆಂಬುದು ಆ ಬಾಲಕರಿಗೆ ತಿಳಿದಿರಲಿಲ್ಲ. ಆದರೆ ಪ್ರಶ್ನೆ ಅವರ ಮನಸ್ಸಿನಲ್ಲಿ ನೆಲೆಯೂರಿತು. ಬೈಸಿಕಲ್ಲಿನ ವ್ಯಾಪಾರದಿಂದ ಜೀವಿಸುತ್ತಿದ್ದ ಆ ಸೋದರರು 1901ರಲ್ಲಿ ಸುಮಾರು ಇನ್ನೂರು ಪುಟ್ಟ ರೆಕ್ಕೆಗಳನ್ನು ಮಾಡಿ, ಗಾಳಿಯ ಪೆಟ್ಟಿಗೆಯಲ್ಲಿಟ್ಟು ಪರೀಕ್ಷಿಸಿದರು. 1903ರ ಡಿಸೆಂಬರ್ 17ರಂದು ಅವರ ವಿಮಾನವು ಮನುಷ್ಯನನ್ನು ಹೊತ್ತು 12 ಸೆಕೆಂಡುಗಳ ಕಾಲ ಹಾರಿತು.

ಹಾಗೆಂದು ಪ್ರತಿಯೊಂದು ಹವ್ಯಾಸವೂ ಒಂದು ಮಹಾಶೋಧದಲ್ಲಿ ಕೊನೆಗೊಳ್ಳಬೇಕೆಂದು ಅಪೇಕ್ಷಿಸುವುದು ಸರಿಯಲ್ಲ. ಲಾಭವನ್ನು ಎಣಿಸಿ ಆಡುವ ಆಟವು ಆಟವೇ ಅಲ್ಲ. 2003ರ ಆಗಸ್ಟ್ ತಿಂಗಳಿನಲ್ಲಿ ಕೆನಡಾ ದೇಶದ ನ್ಯೂಫೌಂಡ್ಲೆಂಡಿನಿಂದ ಹೊರಟ ಮಾದರಿ ವಿಮಾನವೊಂದು ಸುಮಾರು 39 ಗಂಟೆಗಳ ಕಾಲ ಹಾರಿ, ಅಟ್ಲಾಂಟಿಕ್ ಸಾಗರವನ್ನು ದಾಟಿ, ಐರ್ಲೆಂಡಿನ ಕಡಲತೀರದಲ್ಲಿ ಇಳಿಯಿತು. ಕ್ರಮಿಸಿದ ದೂರ ಸುಮಾರು 3,000 ಕಿಲೋಮೀಟರ್. ಇಂಧನವೂ ಸೇರಿ ವಿಮಾನದ ತೂಕ 5 ಕಿಲೋಗ್ರಾಮಿಗಿಂತ ಕಡಿಮೆ. ಅದನ್ನು ನಿರ್ಮಿಸಿದ ಮೇನಾರ್ಡ್ ಹಿಲ್ ಅವರಿಗೆ ಆಗ 77 ವರ್ಷ ವಯಸ್ಸು. ಕಣ್ಣಿನ ದೃಷ್ಟಿ ಬಹಳ ಕುಂದಿತ್ತು, ಕಿವಿಯೂ ಮಂದವಾಗಿತ್ತು. ಅದಕ್ಕೆ ಮೊದಲು ಅವರ ತಂಡವು ಕಳುಹಿಸಿದ ವಿಮಾನಗಳು ಆಚೆಯ ದಡವನ್ನು ಮುಟ್ಟಿರಲಿಲ್ಲ. ಆ ಸಾಧನೆಯಿಂದ ಅವರಿಗೆ ದೊರೆತ ಐಶ್ವರ್ಯವೇನೂ ಇಲ್ಲ. ಮುಪ್ಪಿನಲ್ಲಿಯೂ ಬೆಳಗ್ಗೆ ಎದ್ದು ಮಾಡಬೇಕಾದ ಕೆಲಸವೊಂದನ್ನು, ಎದುರು ನೋಡುವ ನಾಳೆಯೊಂದನ್ನು ಹವ್ಯಾಸವು ಅವರಿಗೆ ಕೊಟ್ಟಿತ್ತು. ಇದು ಸಣ್ಣ ಲಾಭವೆಂದು ಯಾರು ಹೇಳಬಲ್ಲರು?

ಸ್ಪೋರ್ಟ್ಸ್ ಕಾರಿನ ಹವ್ಯಾಸದ ಒಳಗಿರುವುದೂ ಬಹುಮಟ್ಟಿಗೆ ಇದೇ ಆನಂದ. ವೇಗವೇ ಅದರ ಸರ್ವಸ್ವವೆಂದು ಹೊರಗಿನಿಂದ ನೋಡುವವರು ಭಾವಿಸುತ್ತಾರೆ. ಬಲ್ಲವರಿಗೆ ವೇಗಕ್ಕಿಂತ ಹತೋಟಿ ಮುಖ್ಯ. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಅವರು ಯುವಕರಾಗಿದ್ದಾಗ 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ತೆಗೆದುಕೊಂಡು ತಮ್ಮ ಮೊದಲನೆಯ ಸ್ಪರ್ಧೆಯ ಕಾರನ್ನು ಕಟ್ಟಿದರು. ವಿಮಾನ ನಡೆಸುವುದನ್ನೂ ಅವರು ಕಲಿತಿದ್ದರು. ಬಲವಾದ ಎಂಜಿನ್ನನ್ನು ಹುಡುಕುವುದಕ್ಕಿಂತ ಅನಗತ್ಯವಾದ ಭಾರವನ್ನು ಕಳೆಯುವುದೇ ಮೇಲೆಂಬುದು ಅವರ ಮತ. 1957ರಲ್ಲಿ ಅವರ ಲೋಟಸ್ ಸಂಸ್ಥೆಯು ಹೊರತಂದ ‘ಸೆವೆನ್’ ಎಂಬ ಕಾರು ಐನೂರು ಕಿಲೋಗ್ರಾಮಿಗಿಂತಲೂ ಹಗುರವಾಗಿತ್ತು. ಅದನ್ನು ಬಿಡಿಭಾಗಗಳಾಗಿಯೂ ಮಾರುತ್ತಿದ್ದರು. ಕೊಂಡವರು ತಮ್ಮ ಮನೆಯಂಗಳದಲ್ಲಿ ತಾವೇ ಜೋಡಿಸಿಕೊಳ್ಳುತ್ತಿದ್ದರು. ತನ್ನ ಕೈಯಿಂದ ಬಿಗಿದ ತಿರುಪಿನ ಮೇಲೆ ತನ್ನ ಪ್ರಾಣ ನಿಂತಿದೆಯೆಂದು ತಿಳಿದವನು ತಿರುಪನ್ನು ಅಲಕ್ಷ್ಯದಿಂದ ಬಿಗಿಯುವುದಿಲ್ಲ.

ತಿರುವಿನಲ್ಲಿ ಕಾರು ನಡೆಸುವುದೂ ಒಂದು ಕಲೆಯೇ. ಕಾರನ್ನು ನೆಲಕ್ಕೆ ಹಿಡಿದಿಟ್ಟಿರುವುದು ನಾಲ್ಕು ಟೈರುಗಳ ಅಂಗೈಯಗಲದ ರಬ್ಬರು ಮಾತ್ರ. ಆ ಹಿಡಿತಕ್ಕೆ ಒಂದು ಮಿತಿಯುಂಟು. ಆದುದರಿಂದ ಅರಿತ ಚಾಲಕನು ತಿರುವಿಗೆ ಮೊದಲೇ, ಕಾರು ನೇರವಾಗಿ ಸಾಗುತ್ತಿರುವಾಗಲೇ, ಬ್ರೇಕನ್ನು ಒತ್ತಿ ವೇಗವನ್ನು ತಗ್ಗಿಸುತ್ತಾನೆ. ಆಮೇಲೆ ಮೆಲ್ಲನೆ ತಿರುಗಿಸುತ್ತಾನೆ. ದಾರಿ ಮತ್ತೆ ನೇರವಾದ ಮೇಲೆ ವೇಗವನ್ನು ಹೆಚ್ಚಿಸುತ್ತಾನೆ. ಅವಿವೇಕಿಯು ತಿರುವಿನ ನಡುವೆ ಗಾಬರಿಯಿಂದ ಬ್ರೇಕು ಒತ್ತುತ್ತಾನೆ, ಹಿಡಿತ ತಪ್ಪಿ ಜಾರುತ್ತಾನೆ. ಬಾಲ ಭಾರವಾದ ವಿಮಾನಕ್ಕೂ ಅವಸರದ ಚಾಲಕನಿಗೂ ಪ್ರಕೃತಿಯು ಹೇಳುವ ಮಾತು ಒಂದೇ: ಮಿತಿಯನ್ನು ಅರಿತವನಿಗೆ ಮಾತ್ರ ಸ್ವಾತಂತ್ರ್ಯ.

ಇಷ್ಟು ಹೋಲಿಕೆಯಿದ್ದರೂ ಈ ಎರಡು ಹವ್ಯಾಸಗಳ ನಡುವೆ ಒಂದು ದೊಡ್ಡ ಅಂತರವಿದೆ. ಮಾದರಿ ವಿಮಾನವು ಬಿದ್ದರೆ ಸಾಮಾನ್ಯವಾಗಿ ಮುರಿಯುವುದು ಮರ ಮತ್ತು ಕಾಗದ. ಕಾರು ಹತೋಟಿ ತಪ್ಪಿದರೆ ಮುರಿಯುವುದು ಮನುಷ್ಯರ ಮೂಳೆ. ಅದೂ ಅನೇಕ ವೇಳೆ ತಪ್ಪು ಮಾಡದವರ ಮೂಳೆ. ವೇಗವು ಇಮ್ಮಡಿಯಾದರೆ ಕಾರಿನ ಚಲನಶಕ್ತಿಯು ನಾಲ್ಕು ಮಡಿಯಾಗುತ್ತದೆ. ಅದನ್ನು ನಿಲ್ಲಿಸಲು ಬೇಕಾದ ದೂರವೂ ಬಹುಮಟ್ಟಿಗೆ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. 1903ರ ಮೇ ತಿಂಗಳಿನಲ್ಲಿ ಪ್ಯಾರಿಸ್ಸಿನಿಂದ ಮ್ಯಾಡ್ರಿಡ್ಡಿಗೆ ಕಾರುಗಳ ಸ್ಪರ್ಧೆಯೊಂದು ಸಾರ್ವಜನಿಕ ರಸ್ತೆಗಳ ಮೇಲೆಯೇ ನಡೆಯಿತು. ದಾರಿಯ ಇಕ್ಕೆಲಗಳಲ್ಲಿಯೂ ಜನ ಕಿಕ್ಕಿರಿದು ನಿಂತಿದ್ದರು. ಸ್ಪರ್ಧಿಗಳೂ ನೋಡಲು ಬಂದವರೂ ಪ್ರಾಣ ಕಳೆದುಕೊಂಡರು; ರೆನೋ ಕಾರು ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಮಾರ್ಸೆಲ್ ರೆನೋ ಅವರೂ ಮಡಿದವರಲ್ಲಿ ಒಬ್ಬರು. ಸ್ಪರ್ಧೆಯನ್ನು ಬೋರ್ಡೋ ನಗರದಲ್ಲಿಯೇ ನಿಲ್ಲಿಸಬೇಕಾಯಿತು. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯು ಅಲ್ಲಿ ಅಕ್ಷರಶಃ ನಿಜವಾಯಿತು.

ಇದಕ್ಕೆ ಪರಿಹಾರವೇನು? ಆಟವನ್ನೇ ನಿಷೇಧಿಸುವುದು ಒಂದು ದಾರಿ. ಆಟಕ್ಕೆ ತಕ್ಕ ಅಂಗಳವನ್ನು ಒದಗಿಸುವುದು ಇನ್ನೊಂದು. ಇಂಗ್ಲೆಂಡಿನಲ್ಲಿ ಆಗ ರಸ್ತೆಯ ಮೇಲೆ ಗಂಟೆಗೆ 20 ಮೈಲಿಗಿಂತ ಹೆಚ್ಚು ವೇಗವಾಗಿ ಕಾರು ಓಡಿಸುವಂತಿರಲಿಲ್ಲ. 1907ರಲ್ಲಿ ಹ್ಯೂ ಲಾಕ್ ಕಿಂಗ್ ಎಂಬವರು ಸರ್ರೆ ಪ್ರಾಂತದ ತಮ್ಮ ಜಮೀನಿನಲ್ಲಿ ಬ್ರೂಕ್‌ಲ್ಯಾಂಡ್ಸ್ ಎಂಬ ಓಟದ ಪಥವನ್ನು ಕಟ್ಟಿಸಿದರು. ಕಾರುಗಳ ಓಟಕ್ಕಾಗಿಯೇ ನಿರ್ಮಿಸಿದ ಅದರ ಸುತ್ತಳತೆ ಎರಡೂಮುಕ್ಕಾಲು ಮೈಲಿ. ತಿರುವುಗಳಲ್ಲಿ ಪಥದ ಹೊರ ಅಂಚನ್ನು ಗೋಡೆಯಂತೆ ಎತ್ತರಿಸಿದ್ದರು. ವಿಮಾನವು ತಿರುಗುವಾಗ ಒಂದು ರೆಕ್ಕೆಯನ್ನು ತಗ್ಗಿಸಿ ಓರೆಯಾಗುವ ತತ್ತ್ವವೇ ಅಲ್ಲಿ ಕಾರಿಗೂ ನೆರವಾಯಿತು.

ಅದೇ ಬ್ರೂಕ್‌ಲ್ಯಾಂಡ್ಸಿನಲ್ಲಿ ರೆಕ್ಕೆಯೂ ಗಾಲಿಯೂ ಒಂದುಗೂಡಿದುವು. 1907ರಲ್ಲಿ ಮಾದರಿ ವಿಮಾನಗಳ ಸ್ಪರ್ಧೆಯೊಂದರಲ್ಲಿ 75 ಪೌಂಡುಗಳ ಬಹುಮಾನವನ್ನು ಪಡೆದ ಎ. ವಿ. ರೋ ಅವರು ಮಾದರಿಯನ್ನೇ ಹಿಗ್ಗಿಸಿ ತಮ್ಮ ಮೊದಲನೆಯ ದೊಡ್ಡ ವಿಮಾನವನ್ನು ಕಟ್ಟಿ, 1908ರಲ್ಲಿ ಆ ಓಟದ ಪಥದ ಮೇಲೆ ಪರೀಕ್ಷೆಗಳನ್ನು ನಡೆಸಿದರು. ಮುಂದೆ ಅವರು ಸ್ಥಾಪಿಸಿದ ಸಂಸ್ಥೆಯೇ ಆವ್ರೋ. ಕಾನ್ಪುರದಲ್ಲಿ ತಯಾರಾಗಿ ಭಾರತೀಯ ವಾಯುಪಡೆಯಲ್ಲಿ ದಶಕಗಳ ಕಾಲ ಸೇವೆ ಸಲ್ಲಿಸಿದ ಆವ್ರೋ ವಿಮಾನಗಳು ಆ ಹವ್ಯಾಸಿಯ ಹೆಸರನ್ನೇ ಹೊತ್ತು ಹಾರಿದುವು. ಭಾರತದಲ್ಲಿಯೂ ಮದ್ರಾಸಿನ ಬಳಿಯ ಷೋಲಾವರಂ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಪಟ್ಟಿಯು ಯುದ್ಧ ಮುಗಿದ ಮೇಲೆ ಬಹುಕಾಲ ಕಾರು ಮತ್ತು ಮೋಟಾರು ಸೈಕಲ್ಲುಗಳ ಓಟದ ಅಂಗಳವಾಗಿತ್ತು. ತಕ್ಕ ಅಂಗಳ ಸಿಕ್ಕಿದರೆ ಉತ್ಸಾಹವು ಶಾಪವಾಗದೆ ವಿದ್ಯೆಯಾಗುತ್ತದೆ.

ಅಂಗಳವೊಂದಿದ್ದರೆ ಸಾಲದು, ಶಿಸ್ತೂ ಬೇಕು. ಮಾದರಿ ವಿಮಾನವೂ ಪೂರ್ಣವಾಗಿ ನಿರಪಾಯಕರವಲ್ಲ. ತಿರುಗುವ ಪ್ರೊಪೆಲ್ಲರು ಬೆರಳನ್ನು ಕತ್ತರಿಸಬಲ್ಲದು; ಜನಜಂಗುಳಿಯ ಮೇಲೆ ಬಿದ್ದ ವಿಮಾನವು ತಲೆಯನ್ನು ಒಡೆಯಬಲ್ಲದು. ಹವ್ಯಾಸದ ಮಾದರಿ ವಿಮಾನವು ಹಾರಿಸುವವನ ಕಣ್ಣಿಗೆ ಕಾಣುವಷ್ಟು ದೂರದಲ್ಲಿಯೇ ಹಾರಬೇಕೆಂಬುದನ್ನು ಭಾರತದ 2021ರ ಡ್ರೋನ್ ನಿಯಮಗಳೂ ಗುರುತಿಸಿವೆ. ಕಾರಿನ ವಿಷಯದಲ್ಲಿ ಹದಿನೆಂಟು ವರ್ಷ ತುಂಬದವನು ಸಾರ್ವಜನಿಕ ರಸ್ತೆಯಲ್ಲಿ ಅದನ್ನು ನಡೆಸಕೂಡದು. ನಡೆಸಿ ಅಪರಾಧಕ್ಕೆ ಗುರಿಯಾದರೆ ಪೋಷಕರೂ ವಾಹನದ ಒಡೆಯರೂ ಶಿಕ್ಷೆಗೆ ಪಾತ್ರರಾಗಬಹುದೆಂದು 2019ರಲ್ಲಿ ಕಾಯಿದೆಯನ್ನು ತಿದ್ದಲಾಯಿತು. ಗೆಳೆಯರ ಮುಂದೆ ಧೈರ್ಯ ತೋರಿಸಲು ತಂದೆಯ ಕಾರನ್ನು ಊರ ಬೀದಿಯಲ್ಲಿ ಹಾರಿಸಿಕೊಂಡು ಹೋಗುವ ಹುಡುಗನನ್ನು ಹವ್ಯಾಸಿ ಎಂದು ಕರೆಯುವಂತಿಲ್ಲ. ಅವನು ಪಣಕ್ಕೆ ಒಡ್ಡಿರುವುದು ತನ್ನದನ್ನಲ್ಲ. ಶಾಲೆಯಿಂದ ಮನೆಗೆ ಮರಳುವ ಮಗುವಿನ ಪ್ರಾಣವನ್ನು, ಸಂತೆಯಿಂದ ಬರುವ ಮುದುಕಿಯ ಕಾಲನ್ನು. ತನ್ನದಲ್ಲದುದನ್ನು ಪಣವಿಡುವುದು ಧೈರ್ಯವಲ್ಲ.

ಸ್ಪೋರ್ಟ್ಸ್ ಕಾರು ಸಿರಿವಂತರ ಸೊತ್ತು, ಇಂಧನವನ್ನು ಸುಡುವ ಸುಖ ಎಂಬ ಆಕ್ಷೇಪಣೆಯನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಆ ಹವ್ಯಾಸವು ಎಲ್ಲರಿಗೂ ಎಟುಕುವುದಲ್ಲ, ಎಟುಕಲೇಬೇಕಾದುದೂ ಅಲ್ಲ. ಆದರೆ ಅದರ ಹಿಂದಿರುವ ಗುಣಗಳಿಗೆ ಹಣ ಬೇಕಿಲ್ಲ. ಕಾಗದ, ಬಿದಿರುಕಡ್ಡಿ, ರಬ್ಬರುಪಟ್ಟಿ ಇವಿಷ್ಟಿದ್ದರೆ ಹಳ್ಳಿಯ ಬಾಲಕನೂ ಬಾಲಕಿಯೂ ಪೇನೋ ನಡೆದ ದಾರಿಯಲ್ಲಿ ಹೆಜ್ಜೆಯಿಡಬಹುದು. ಎನ್.ಸಿ.ಸಿ.ಯ ವಾಯು ವಿಭಾಗದಲ್ಲಿ ಮಾದರಿ ವಿಮಾನಗಳ ನಿರ್ಮಾಣವನ್ನು ಶಿಕ್ಷಣದ ಒಂದು ಅಂಗವಾಗಿಯೇ ಇರಿಸಿದ್ದಾರೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಮಾದರಿ ವಿಮಾನವನ್ನು ಕೆಡವಿ, ಮುರಿದುದನ್ನು ತಾಳ್ಮೆಯಿಂದ ಕೂಡಿಸಿ, ಮಿತಿಯೆಂದರೇನೆಂಬುದನ್ನು ಕಲಿತವನ ಕೈಗೆ ಮುಂದೆ ಕಾರಿನ ಚಕ್ರ ಬಂದಾಗ ಆ ಕೈ ದುಡುಕುವ ಸಂಭವ ಕಡಿಮೆ.

ಹವ್ಯಾಸವು ಮಕ್ಕಳಾಟವೇ ಹುಚ್ಚಾಟವೇ ಎಂಬುದನ್ನು ಅದರ ಸಾಧನದಿಂದ ನಿರ್ಣಯಿಸಲಾಗದು. ಅದರಲ್ಲಿ ಸಂಭವಿಸುವ ತಪ್ಪಿಗೆ ಯಾರು ಬೆಲೆ ತೆರುತ್ತಾರೆ ಎಂಬುದೇ ಅದರ ಒರೆಗಲ್ಲು. ತನ್ನ ತಪ್ಪಿಗೆ ತಾನೇ ಬೆಲೆ ತೆತ್ತು, ಅದರಿಂದ ಕಲಿತು, ಮತ್ತೆ ಪ್ರಯತ್ನಿಸುವವನ ಆಟವು ಗೌರವಕ್ಕೆ ಅರ್ಹವಾದುದು. ಆ ಬೆಲೆಯನ್ನು ದಾರಿಹೋಕರ ಮೇಲೆ ಹೊರಿಸುವವನ ಆಟವು ಎಷ್ಟೇ ಮೋಹಕವಾಗಿದ್ದರೂ ತ್ಯಾಜ್ಯವಾದುದು. ಮುರಿದ ರೆಕ್ಕೆಯನ್ನು ಮನೆಗೆ ತಂದು ಅಂಟಿಸಬಹುದು. ಬೀದಿಯಲ್ಲಿ ಹೋದ ಜೀವವನ್ನು ಯಾವ ಅಂಟೂ ಕೂಡಿಸಲಾರದು.