ಕುಂಬಳಕಾಯಿ ಕಳ್ಳ ಯಾರು?

ಪುಣೆಯ ಸದಾಶಿವ ಪೇಠದಲ್ಲಿ ಹಳೆಯ ವಾಡೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳು ಎದ್ದವು. ಅಂಗಳ ಹೋಯಿತು, ಅಂಗಳದ ಕುಂಬಳಬಳ್ಳಿ ತಾರಸಿಯ ಕುಂಡಕ್ಕೆ ಬಂತು. ಸಂತೋಷವೇ. ಆದರೆ ಬಳ್ಳಿಯ ಹಿಂದೆಯೇ ಕೀಟನಾಶಕದ ಬಾಟಲಿಯೂ ಮೆಟ್ಟಿಲು ಹತ್ತಿದೆ. ಎಲೆಯಲ್ಲಿ ತೂತು ಕಂಡರೆ ಸಿಂಪಡಣೆ, ಹೀಚು ಉದುರಿದರೆ ಸಿಂಪಡಣೆ, ಏನೂ ಕಾಣದಿದ್ದರೆ ‘ಮುಂಜಾಗ್ರತೆಗೆ’ ಇನ್ನೊಂದು ಸಿಂಪಡಣೆ. ಅಸಲಿಗೆ ತಾರಸಿಯ ಮೇಲೆ ಆ ಬಾಟಲಿಗೆ ಕೆಲಸವೇ ಇಲ್ಲ.

ಹೀಚು ಏಕೆ ಉದುರುತ್ತದೆ ಎಂಬುದನ್ನೇ ನೋಡಿ. ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಮೊದಲೇ ಇರುತ್ತದೆ. ಹೂವು ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ. ಆ ಕೆಲವೇ ಗಂಟೆಗಳಲ್ಲಿ ಜೇನ್ನೊಣ ಪರಾಗ ತರದಿದ್ದರೆ ಹೀಚು ಹಳದಿಯಾಗಿ ಬೀಳುತ್ತದೆ. ಮನೆಯವರು ಇದನ್ನೂ ಹುಳದ ಕಾಟವೆಂದುಕೊಂಡು, ಜೇನು ಬರುವ ಬೆಳಗಿನ ತಂಪು ಹೊತ್ತಿನಲ್ಲೇ ಔಷಧಿ ಹೊಡೆಯುತ್ತಾರೆ. ಕಾಯಿ ಕಟ್ಟಿಸುವ ಜೀವವನ್ನೇ ಕೊಂದು, ಕಾಯಿ ಕಟ್ಟಲಿಲ್ಲವೆಂದು ಮತ್ತೆ ಹೊಡೆಯುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕೈಯಲ್ಲೇ ಬಾಟಲಿ ಇದೆ, ಹೆಗಲು ಮುಟ್ಟಿಕೊಳ್ಳುವವರು ಮಾತ್ರ ಇಲ್ಲ. ಜೇನು ಬಾರದ ದಿನ ಗಂಡು ಹೂವೊಂದನ್ನು ಕಿತ್ತು, ಅದರ ಕೇಸರವನ್ನು ಹೆಣ್ಣು ಹೂವಿಗೆ ಸವರಿದರೆ ಸಾಕು.

ನಿಜವಾದ ಕಳ್ಳನೂ ಇದ್ದಾನೆ: ಹಣ್ಣುನೊಣ. ಅದು ಎಳೆಯ ಕಾಯಿಯ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಮರಿಹುಳು ತಿರುಳು ತಿನ್ನುತ್ತಾ ಬೆಳೆದು, ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಸಿಪ್ಪೆಯ ಮೇಲೆ ಹೊಡೆದ ವಿಷ ಒಳಗಿನ ಹುಳುವನ್ನು ಹುಡುಕಿಕೊಂಡು ಹೋಗುವುದಿಲ್ಲ. ಹೂವು ಬಾಡಿ ಕಾಯಿ ನಿಂತ ಕೂಡಲೇ ಅದಕ್ಕೊಂದು ಕಾಗದದ ಚೀಲ ಕಟ್ಟಿದರೆ ನೊಣಕ್ಕೆ ಚುಚ್ಚಲು ಜಾಗವಿಲ್ಲ. ಮೋಹಕ ಬಲೆ ತೂಗುಹಾಕುವವರು ಅಂಗಡಿಯಲ್ಲಿ ‘ಕ್ಯೂ ಲ್ಯೂರ್’ ಎಂದೇ ಕೇಳಬೇಕು. ಮಾವಿನ ನೊಣಕ್ಕೆ ಮಾರುವ ಮೀಥೈಲ್ ಯೂಜಿನಾಲ್‌ಗೆ ಕುಂಬಳದ ನೊಣ ಮರುಳಾಗುವುದಿಲ್ಲ. ಕ್ಯೂ ಲ್ಯೂರ್‌ಗೆ ಬೀಳುವುದೂ ಗಂಡು ನೊಣವೇ. ಹಾಗಾಗಿ ಬಲೆ ಇದ್ದರೂ ಚೀಲ ಬೇಕು. ಹುಳು ಬಿದ್ದ ಕಾಯನ್ನು ಕಾಂಪೋಸ್ಟ್ ಡಬ್ಬಿಗೆ ಎಸೆದರೆ ಅದು ನೊಣದ ಬಾಣಂತಿಕೋಣೆಯಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗಿಡಬೇಕು.

ಇನ್ನು ಎಲೆ ತೂತು ಮಾಡುವ ಕೆಂಪು ದುಂಬಿ. ಎಳೆ ಸಸಿಗೆ ಅದು ಮಾರಕ, ಹಬ್ಬಿದ ಬಳ್ಳಿಗೆ ಕಿರಿಕಿರಿ. ಸಸಿಗೆ ಸೊಳ್ಳೆಪರದೆಯ ತುಂಡು ಹೊದಿಸಿ, ಹೂ ಬಿಡುವಾಗ ತೆಗೆದರಾಯಿತು. ಮುಂಜಾನೆ ದುಂಬಿ ಮಂಕಾಗಿರುತ್ತದೆ. ಆಗ ಕೈಯಲ್ಲೇ ಹಿಡಿದು ಸೋಪಿನ ನೀರಿಗೆ ಹಾಕಬಹುದು.

‘ಒಂದು ಸಲ ಹೊಡೆದರೆ ಏನಾಗುತ್ತದೆ?’ ಎನ್ನುವವರಿದ್ದಾರೆ. ಪೇಠದ ತಾರಸಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಒಬ್ಬರ ಕುಂಡದ ಪಕ್ಕ ಇನ್ನೊಬ್ಬರ ಸಂಡಿಗೆ, ಮಗುವಿನ ಬಟ್ಟೆ, ಎಲ್ಲರ ನೀರಿನ ಟ್ಯಾಂಕು. ಗಾಳಿಗೆ ಗಡಿ ಗೊತ್ತಿಲ್ಲ ಎಂಬುದನ್ನು ಕನ್ನಡಿಗರಿಗೆ ಬೇರೆಯವರು ಹೇಳಬೇಕಿಲ್ಲ. ಕಾಸರಗೋಡಿನ ಪಡ್ರೆಯಲ್ಲಿ ಗೇರು ತೋಟಕ್ಕೆಂದು ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಗೇರಿನ ಮೇಲೆಯೇ ನಿಲ್ಲಲಿಲ್ಲ. ಸುಪ್ರೀಂ ಕೋರ್ಟ್ 2011ರಲ್ಲಿ ಅದಕ್ಕೆ ತಡೆ ಹಾಕುವ ಹೊತ್ತಿಗೆ ಒಂದು ತಲೆಮಾರು ಬೆಲೆ ತೆತ್ತಿತ್ತು. ತಾರಸಿಯ ಬಾಟಲಿಯನ್ನು ಹೆಲಿಕಾಪ್ಟರಿಗೆ ಹೋಲಿಸುವುದು ಅತಿಯಾಯಿತೇ? ಪ್ರಮಾಣ ಬೇರೆ, ಒಪ್ಪೋಣ. ನೆರೆಯವರನ್ನು ಕೇಳದೆ ಅವರ ಉಸಿರಿಗೆ ವಿಷ ಬೆರೆಸುವ ಧೋರಣೆ ಬೇರೆಯಲ್ಲ. ಉಳಿದ ಅರ್ಧ ಬಾಟಲಿಯ ಕಥೆಯೂ ಇದೆ. ತರಕಾರಿಗೆ ಮೊನೊಕ್ರೊಟೊಫಾಸ್ ಬಳಸಬಾರದೆಂದು ಸರ್ಕಾರ 2005ರಲ್ಲೇ ನಿಷೇಧಿಸಿತ್ತು. 2013ರಲ್ಲಿ ಬಿಹಾರದ ಶಾಲೆಯೊಂದರ ಬಿಸಿಯೂಟದಲ್ಲಿ ಅದೇ ವಿಷ ಬೆರೆತು 23 ಮಕ್ಕಳು ಸತ್ತರು.

‘ರೈತರು ಹೊಡೆಯುವುದಿಲ್ಲವೇ?’ ಎಂಬುದು ಕೊನೆಯ ವಾದ. ರೈತನಿಗೆ ಎಕರೆಗಟ್ಟಲೆ ಬಳ್ಳಿ, ತಲೆಯ ಮೇಲೆ ಸಾಲ. ಅವನಿಗೂ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇವಿನ ಸೋಪಿನಂಥ ದಾರಿ ತೋರಿಸಿದೆ. ಎರಡು ಕುಂಡದ ಒಡೆಯರಿಗೆ ಎರಡು ಕಣ್ಣು, ಹತ್ತು ಬೆರಳು ಸಾಲದೇ? ‘ನೈಸರ್ಗಿಕ’ ಎಂದು ಹೊಗೆಸೊಪ್ಪಿನ ಕಷಾಯ ಕಾಯಿಸುವವರೂ ತಿಳಿಯಬೇಕು: ನಿಕೋಟಿನ್ ಕೂಡ ವಿಷವೇ. ಬೇವಿನೆಣ್ಣೆಯನ್ನೂ ಹೂ ಮುಚ್ಚಿದ ಮೇಲೆ, ಸಂಜೆಯೇ ಹೊಡೆಯಬೇಕು.

ಕಾರ್ ಪಾರ್ಕಿಂಗಿಗೆ ಗಂಟೆಗಟ್ಟಲೆ ಜಗಳವಾಡುವ ಸೊಸೈಟಿ ಸಭೆಗಳು ಒಂದು ಸಾಲಿನ ನಿಯಮ ಬರೆದುಕೊಳ್ಳಲಿ: ಎಲ್ಲರಿಗೂ ಸೇರಿದ ತಾರಸಿಯಲ್ಲಿ ಕೀಟನಾಶಕ ಕೂಡದು. ನಾಲ್ಕು ಎಲೆ ತೂತಾದರೆ ಆಗಲಿ. ಸಾಂಬಾರಿಗೆ ಬೀಳುವುದು ಕಾಯಿಯೇ ಹೊರತು ತೂತಲ್ಲ.